ನಾಲ್ಕು ಊರು, ನಾಲ್ಕು ಲಕ್ಷ, ಒಂದು ಗೇರ್ ಕಾರು

ನಾವು ನಾಲ್ವರು. ಒಬ್ಬ ಗೌರಿಬಿದನೂರಿನ ಕಡೆಯವನು, ಒಬ್ಬ ಚಿಕ್ಕಬಳ್ಳಾಪುರದವನು, ಒಬ್ಬಳು ಶಿಡ್ಲಘಟ್ಟದ ರೇಷ್ಮೆ ಮನೆಯವಳು, ಇನ್ನೊಬ್ಬ ಚಿಂತಾಮಣಿಯ ಟೊಮೆಟೊ ಬೆಳೆಗಾರರ ಮಗ. ಪತ್ರಿಕೋದ್ಯಮ ಓದುವಾಗ ಜೊತೆಯಾದವರು. ಓದು ಮುಗಿದು ಸಣ್ಣಪುಟ್ಟ ಕೆಲಸ ಸಿಕ್ಕ ಮೇಲೆ ತಿಂಗಳಿಗೆ ತಲಾ 2,500 ರೂಪಾಯಿ ಹಾಕಿ ಚೀಟಿ ಥರ ಒಂದು ಉಳಿತಾಯ ಶುರು ಮಾಡಿದೆವು. 40 ತಿಂಗಳಿಗೆ ತಲಾ ಒಂದು ಲಕ್ಷ, ಒಟ್ಟು ನಾಲ್ಕು ಲಕ್ಷ. ಅದರಲ್ಲಿ ಏನು ತಗೋಬೇಕು ಅನ್ನುವುದು ಮೊದಲ ತಿಂಗಳೇ ತೀರ್ಮಾನವಾಗಿತ್ತು. ಓಡಿಸಲು ಮಜಾ ಕೊಡುವ, ಗೇರ್ ನಮ್ಮ ಕೈಯಲ್ಲೇ ಇರುವ ಒಂದು ಕಾರು.

ಮದುವೆಗೆ ಹೋಗಿಬರುವ ಕಾರಲ್ಲ. ಬಾಡಿಗೆಗೆ ಬಿಡುವ ಕಾರಲ್ಲ. ಸುಮ್ಮನೆ ಓಡಿಸುವ ಖುಷಿಗೆ ಒಂದು ಕಾರು. ಇದನ್ನು ಹಳ್ಳಿಯಲ್ಲಿ ನಿಂತು ಹೇಳುವುದು ಎಷ್ಟು ಕಷ್ಟ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಹೇಳುತ್ತೇವೆ. ನಿಮ್ಮಲ್ಲೂ ಕೆಲವರಿಗೆ ಈ ಆಸೆ ಇದೆ, ಮನೆಯಲ್ಲಿ ಬಾಯಿ ಬಿಟ್ಟಿಲ್ಲ ಅಷ್ಟೇ.

ಇದು ಶೋಕಿಯಾ?

ನಾಲ್ಕೂ ಮನೆಗಳಲ್ಲಿ ಒಂದೇ ಪ್ರಶ್ನೆ ಬಂತು. ಈ ದುಡ್ಡಿಗೆ ಎರಡು ಸೀಮೆ ಹಸು ಬರುತ್ತಿತ್ತಲ್ಲ? ತಂಗಿ ಮದುವೆಗೆ ಇಡಬಹುದಿತ್ತಲ್ಲ? ಗೌರಿಬಿದನೂರಿನ ಮನೆಯಲ್ಲಂತೂ ದೊಡ್ಡಪ್ಪ ನೇರವಾಗಿ ಕೇಳಿದರು, "ಒಂದು ಬೋರ್ ಆದರೂ ಹಾಕಿಸಬಾರದಾ?"

ಬೋರ್ ಮಾತು ಬಂದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ದಾಟಿ ಕೊರೆದರೂ ಬರೀ ಧೂಳು ಬಂದ ಹೊಲಗಳು ನಾಲ್ಕೂ ತಾಲ್ಲೂಕಿನಲ್ಲಿ ಇವೆ. ಆ ದೊಡ್ಡಪ್ಪನೇ ಎರಡು ಬೋರ್ ಕೊರೆಸಿ ಎರಡೂ ಒಣಗಿದವು. ಹಾಗೆ ಹೋದ ದುಡ್ಡನ್ನು ಯಾರೂ ಶೋಕಿ ಅನ್ನಲಿಲ್ಲ, ಅನ್ನಲೂಬಾರದು. ಅದು ಬದುಕಿನ ಜೂಜು. ಆದರೆ ಜೂಜಾಡುವ ಧೈರ್ಯ ಇರುವ ಮನೆಗಳಿಗೆ ನಗುವ ಧೈರ್ಯ ಇರಬಾರದು ಅಂತ ಏನಿಲ್ಲವಲ್ಲ?

ಇನ್ನೊಂದು ಕಡೆಯನ್ನೂ ನಾವು ನೋಡಿದ್ದೇವೆ. 2023ರ ಜುಲೈ ಕೊನೆಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಆ ಬೆಲೆ ನೋಡಿ ದೊಡ್ಡ ಕಾರು ಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಎರಡೇ ತಿಂಗಳಲ್ಲಿ ಬೆಲೆ ನೆಲ ಕಚ್ಚಿತು. ಬಾಕ್ಸಿನ ಬೆಲೆ ಇಳಿದ ಹಾಗೆ ಕಾರಿನ ಕಂತು ಇಳಿಯುವುದಿಲ್ಲ. ಚಿಂತಾಮಣಿಯ ಗೆಳೆಯನ ಅಪ್ಪ ಅವತ್ತು ಹೇಳಿದ ಮಾತು ನಮ್ಮ ಮೊದಲ ನಿಯಮವಾಯಿತು: "ಕಾರು ತಗೊಳ್ಳಿ, ಕಂತು ತಗೋಬೇಡಿ."

ಹಾಗಾಗಿ ಸಾಲವಿಲ್ಲ. ನಾಲ್ಕು ಲಕ್ಷದಲ್ಲೇ ಎಲ್ಲ ಮುಗಿಯಬೇಕು. ನಾಳೆ ಈ ಕಾರು ಪೂರ್ತಿ ಹಾಳಾದರೂ ನಾಲ್ಕು ಮನೆಗಳಲ್ಲಿ ಯಾರ ಊಟವೂ ನಿಲ್ಲಬಾರದು. ಖುಷಿಗೆ ಖರ್ಚು ಮಾಡುವವರಿಗೆ ಇದಕ್ಕಿಂತ ದೊಡ್ಡ ನಿಯಮ ಇಲ್ಲ ಅಂತ ನಮಗೆ ಈಗಲೂ ಅನ್ನಿಸುತ್ತದೆ.

ಗೇರ್ ಯಾಕೆ ಬೇಕು?

ಈಗ ಆಟೋಮ್ಯಾಟಿಕ್ ಕಾಲ. ಬೆಂಗಳೂರಿನ ಟ್ರಾಫಿಕ್ಕಿಗೆ ಅದೇ ಸರಿ, ಎಡಗಾಲಿಗೆ ಕೆಲಸವಿಲ್ಲ. ಆದರೆ ನಾವು ಹುಡುಕುತ್ತಿದ್ದದ್ದು ಆ ಕೆಲಸವನ್ನೇ.

ಕ್ಲಚ್ ಅಂದರೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವ ಕೈಕುಲುಕಾಟ. ಕಾಲು ಒತ್ತಿದರೆ ಕೈ ಬಿಡುತ್ತದೆ, ನಿಧಾನಕ್ಕೆ ಎತ್ತಿದರೆ ಮತ್ತೆ ಹಿಡಿಯುತ್ತದೆ. ಪೆಟ್ರೋಲ್ ಎಂಜಿನ್ ಎಲ್ಲ ವೇಗದಲ್ಲೂ ಒಂದೇ ಥರ ಎಳೆಯುವುದಿಲ್ಲ. ಕಡಿಮೆ ಸುತ್ತಿನಲ್ಲಿ ಮಂಕಾಗಿರುತ್ತದೆ, ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಹತ್ತಿರ ಚೆನ್ನಾಗಿ ಎಳೆಯುತ್ತದೆ, ಆರು ಸಾವಿರದ ಹತ್ತಿರ ಪೂರ್ತಿ ಶಕ್ತಿ ಕೊಡುತ್ತದೆ. ದಿಣ್ಣೆ ಬಂದಾಗ, ತಿರುವು ಬಂದಾಗ, ಎಂಜಿನ್ನನ್ನು ಆ ಒಳ್ಳೆಯ ಜಾಗದಲ್ಲಿ ಇಟ್ಟುಕೊಳ್ಳುವುದೇ ಗೇರ್ ಬದಲಿಸುವುದರ ಅರ್ಥ. ಆಟೋಮ್ಯಾಟಿಕ್ಕಿನಲ್ಲಿ ಅದನ್ನು ಯಂತ್ರ ನೋಡಿಕೊಳ್ಳುತ್ತದೆ. ಕೈಗೇರಿನಲ್ಲಿ ನೀವು ಕಿವಿಯಿಂದ ಕೇಳಿ, ಕಾಲಿನಿಂದ ಅಳೆದು, ಕೈಯಿಂದ ಮಾಡಬೇಕು. ಸರಿಯಾಗಿ ಕೂತಾಗ ಒಂದು ಸಮಾಧಾನ ಬರುತ್ತದಲ್ಲ, ನಮಗೆ ಮಜಾ ಅಂದರೆ ಅದು.

ಇದು ಹಳ್ಳಿಯವರಿಗೆ ಹೊಸದೂ ಅಲ್ಲ. ಟ್ರೇಲರ್ ತುಂಬ ಲೋಡ್ ಇಟ್ಟುಕೊಂಡು ಕೆರೆ ಏರಿ ಹತ್ತಿಸಿದ ಯಾವ ಟ್ರ್ಯಾಕ್ಟರ್ ಚಾಲಕನಿಗೂ ಹಾಫ್ ಕ್ಲಚ್ ಬಗ್ಗೆ ಪಾಠ ಬೇಕಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬಾರದು, ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಅಂತ ನಮ್ಮ ಅಪ್ಪಂದಿರು ಹೇಳಿಕೊಟ್ಟಿದ್ದನ್ನೇ ರ‍್ಯಾಲಿ ಓಡಿಸುವವರೂ ಹೇಳುತ್ತಾರೆ.

ಅಂದ ಹಾಗೆ, ಕಾರು ಅಂದರೆ ಪಟ್ಟಣದವರ ಸ್ವತ್ತು ಅನ್ನುವವರಿಗೆ ಒಂದು ಮಾತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ನಮ್ಮ ದೇಶದಲ್ಲಿ ಮೋಟಾರು ಕಾರ್ಖಾನೆ ಕಟ್ಟಬೇಕು ಅಂತ ಯೋಜನೆ ಬರೆದರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದರು. ಬ್ರಿಟಿಷ್ ಸರ್ಕಾರ ಕೈ ಹಿಡಿಯಲಿಲ್ಲ. ಅವರ ಜೊತೆ ಆ ಕನಸಿಗೆ ಓಡಾಡಿದ ವಾಲ್‌ಚಂದ್ ಹೀರಾಚಂದ್ ಕೊನೆಗೆ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಶುರು ಮಾಡಿದರು. ಈ ಮಾತನ್ನು ದೊಡ್ಡಪ್ಪನಿಗೂ ಹೇಳಿದೆವು. "ಅವರು ಕಾರ್ಖಾನೆ ಕೇಳಿದರು, ನೀವು ಸುತ್ತಾಡೋಕೆ ಕೇಳ್ತಿದ್ದೀರಿ" ಅಂದರು. ಅದೂ ಸರಿಯೇ.

ನಿಜವಾದ ಸ್ಪೋರ್ಟ್ಸ್ ಕಾರು ಎಲ್ಲಿದೆ?

ಶನಿವಾರ, ಭಾನುವಾರ ಬೆಳಗಿನ ಜಾವ ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೆದ್ದಾರಿ 44ರಲ್ಲಿ ನಿಂತರೆ ಕೋಟಿ ಬೆಲೆಯ ಕಾರುಗಳು ಸಾಲಾಗಿ ಹೋಗುತ್ತವೆ. ನಮ್ಮ ಊರ ಹುಡುಗರು ಫೋನ್ ಹಿಡಿದು ನಿಲ್ಲುತ್ತಾರೆ. ನಮಗೂ ಆ ಸದ್ದು ಇಷ್ಟ. ಆದರೆ ಅವುಗಳಲ್ಲಿ ಬಹುಪಾಲು ಆಟೋಮ್ಯಾಟಿಕ್.

ಭಾರತದಲ್ಲಿ ಕೈಗೇರಿನ ಸ್ಪೋರ್ಟ್ಸ್ ಕಾರು ಕೊಳ್ಳುವುದು ದುಡ್ಡಿದ್ದರೂ ಕಷ್ಟ. 2025ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಬಂತು, ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮತ್ತೆ ಬಂತು. ಎರಡೂ 50 ಲಕ್ಷದ ಆಸುಪಾಸು, ಎರಡೂ ಆಟೋಮ್ಯಾಟಿಕ್ ಮಾತ್ರ. ಜಗತ್ತಿನಲ್ಲಿ ಈ ಜಾತಿಗೆ ಹೆಸರಾದ ಕಾರು ಜಪಾನಿನ ಮಾಜ್ದಾ ಮಿಯಾಟಾ. 1989ರಲ್ಲಿ ಹೊರಬಂದು 2016ರ ಹೊತ್ತಿಗೆ ಹತ್ತು ಲಕ್ಷ ಕಾರು ದಾಟಿತು. ಎರಡೇ ಸೀಟು. ಅದನ್ನು ಕಂಪನಿ ಇಲ್ಲಿ ಮಾರುವುದಿಲ್ಲ.

ಮಿಯಾಟಾ ಬಗ್ಗೆ ಓದಿ ನಾವು ಕಲಿತದ್ದು ಒಂದು. ಮೊದಲ ಮಿಯಾಟಾದ ಶಕ್ತಿ ಸುಮಾರು 120 ಪಿಎಸ್ ಅಷ್ಟೇ, ತೂಕ ಒಂದು ಟನ್ ಆಸುಪಾಸು. ಅದು ಜೋರಾಗಿ ಓಡುವ ಕಾರು ಅಂತ ಪ್ರಸಿದ್ಧವಾಗಲಿಲ್ಲ. ಹಗುರ, ಹೇಳಿದ ಮಾತು ಕೇಳುತ್ತದೆ, ಗೇರ್ ಚೆನ್ನಾಗಿ ಕೂರುತ್ತದೆ ಅಂತ ಪ್ರಸಿದ್ಧವಾಯಿತು. ಅಂದರೆ ಮಜಾಕ್ಕೆ ಬೇಕಾದ್ದು ಹಗುರವಾದ ಮೈ, ಒಳ್ಳೆಯ ಗೇರ್, ನೆಟ್ಟಗಿನ ಸ್ಟೀರಿಂಗ್. ಇಂಥ ಕಾರು ನಾಲ್ಕು ಸೀಟಿನ ಸಣ್ಣ ಕಾರುಗಳಲ್ಲೂ ಸಿಗಬಹುದಲ್ಲ? ಅಲ್ಲಿಂದ ನಮ್ಮ ಹುಡುಕಾಟ ನೆಲಕ್ಕೆ ಇಳಿಯಿತು.

ನಮ್ಮ ರಸ್ತೆಯೇ ಅಳತೆಗೋಲು

ನಮ್ಮ ಅದೃಷ್ಟಕ್ಕೆ ನಾಲ್ಕೂ ಊರು ಒಂದೇ ರಸ್ತೆಯ ಮೇಲಿವೆ. ಹಿಂದೆ 234 ಅನ್ನುತ್ತಿದ್ದ, ಈಗ 69 ಅನ್ನುವ ರಾಷ್ಟ್ರೀಯ ಹೆದ್ದಾರಿ. ಗೌರಿಬಿದನೂರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ಒಟ್ಟು ಸುಮಾರು 80 ಕಿ.ಮೀ. ಯಾವ ಕಾರು ತಗೊಂಡರೂ ಓಡುವುದು ಇಲ್ಲಿ, ಜರ್ಮನಿಯ ರಸ್ತೆಯಲ್ಲಲ್ಲ.

ಈ ದಾರಿಯಲ್ಲಿ ಏನೇನಿದೆ ಅಂತ ನಿಮಗೆ ಗೊತ್ತು. ಬೆಟ್ಟದ ಸಾಲಿನ ನಡುವೆ ಕಣಿವೆಯ ತಿರುವುಗಳಿವೆ. ಸುಗ್ಗಿಯಲ್ಲಿ ರಸ್ತೆಗೇ ಹರವಿದ ರಾಗಿ, ಹುರುಳಿ. ಸಂಜೆ ಕುರಿ ಮಂದೆ. ಬೆಳಗಿನ ಜಾವ ಗೂಡು ಹೊತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಓಡುವ ಆಟೋಗಳು. ಹೆದ್ದಾರಿ ಬಿಟ್ಟು ಊರೊಳಗೆ ತಿರುಗಿದರೆ ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲದ ನಯವಾದ ಉಬ್ಬು. ನಮ್ಮ ಊರುಗಳಲ್ಲಿ ಅದು ಉಳಿದ ಸಿಮೆಂಟಿನಲ್ಲಿ ಕಟ್ಟಿದ ಸಣ್ಣ ಗೋಡೆ. ನೆಲಕ್ಕೆ ಅಂಟಿದ ಕಾರಿಗೆ ಇಲ್ಲಿ ಕೆಲಸವಿಲ್ಲ. 16 ಸೆಂ.ಮೀ.ಗಿಂತ ಕಡಿಮೆ ಎತ್ತರದ್ದು ಬೇಡ ಅಂತ ಬರೆದುಕೊಂಡೆವು.

ವೇಗದ ಲೆಕ್ಕವನ್ನೂ ಬರೆದುಕೊಂಡೆವು. ಕೇಂದ್ರ ಸರ್ಕಾರ 2018ರಲ್ಲಿ ಹೇಳಿದ ಗರಿಷ್ಠ ಮಿತಿ, ನಡುವೆ ವಿಭಜಕ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ 100 ಕಿ.ಮೀ., ಉಳಿದ ಸಾಮಾನ್ಯ ರಸ್ತೆಗಳಲ್ಲಿ 70. ಫಲಕದಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಲೆಕ್ಕ. ಅಂದರೆ 150 ಪಿಎಸ್ ಕಾರು ತಗೊಂಡರೆ ನಮ್ಮ ರಸ್ತೆಯಲ್ಲಿ ಅದರ ಅರ್ಧ ಶಕ್ತಿಯೂ ಎಚ್ಚರವಾಗುವುದಿಲ್ಲ. 80 ಪಿಎಸ್ ಹಗುರ ಕಾರನ್ನು ಎರಡನೇ ಗೇರಿನಲ್ಲಿ ದಿಣ್ಣೆ ಹತ್ತಿಸುವಾಗ 50ರ ವೇಗದಲ್ಲೇ ಅದರ ಪೂರ್ತಿ ದನಿ ಕೇಳುತ್ತದೆ. ನಮಗೆ ಬೇಕಾದ್ದು ಪೂರ್ತಿ ಬಳಸಬಹುದಾದ ಕಾರು. ಈ ಒಂದು ಮಾತು ಸ್ಪಷ್ಟವಾದ ಮೇಲೆ ಅರ್ಧ ಪಟ್ಟಿ ತಾನೇ ಖಾಲಿಯಾಯಿತು.

ನೋಡಿದ ಕಾರುಗಳು

ಹೊಸ ಕಾರು ನಮ್ಮ ದುಡ್ಡಿಗೆ ಬರುವುದಿಲ್ಲ, ಆದರೂ ಏನಿದೆ ಅಂತ ತಿಳಿದುಕೊಂಡೆವು. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾಗಲಿ.

ಹ್ಯುಂಡೈ ಐ20 ಎನ್ ಲೈನ್: ಒಂದು ಲೀಟರ್ ಟರ್ಬೊ, 120 ಪಿಎಸ್. 2023ರ ಸೆಪ್ಟೆಂಬರ್‌ನಿಂದ 6 ಗೇರಿನ ಕೈಗೇರ್ ಸಿಗುತ್ತಿದೆ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್.

ಟಾಟಾ ಆಲ್ಟ್ರೋಜ್ ರೇಸರ್: 2024ರ ಜೂನ್‌ನಲ್ಲಿ ಬಂದದ್ದು. 1.2 ಲೀಟರ್ ಟರ್ಬೊ, 120 ಪಿಎಸ್, 6 ಗೇರ್.

ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5: 150 ಪಿಎಸ್, 6 ಗೇರ್. ಹೆದ್ದಾರಿಗೆ ಬಲು ಚೆಂದ, ಬೆಲೆಯೂ ಹಾಗೇ.

ಮಾರುತಿ ಸ್ವಿಫ್ಟ್: 2024ರ ಹೊಸ ಮಾದರಿಗೆ ಮೂರು ಸಿಲಿಂಡರ್ ಎಂಜಿನ್, ಸುಮಾರು 82 ಪಿಎಸ್, 5 ಗೇರ್.

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಜಿಎಸ್‌ಟಿ 18 ಪರ್ಸೆಂಟ್‌ಗೆ ಇಳಿದಿದೆ. ಉದ್ದನೆಯ ವರ್ಟಸ್‌ಗೆ ಅದು ಸಿಗುವುದಿಲ್ಲ, 40 ಪರ್ಸೆಂಟ್. ಹೊಸದು ಕೊಳ್ಳುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹಳೆಯದರಲ್ಲಿ ನಮ್ಮ ಜಗಳ ನಾಲ್ಕು ಕಾರಿನ ಮೇಲೆ ನಡೆಯಿತು, ತಿಂಗಳುಗಟ್ಟಲೆ.

ಚಿಕ್ಕಬಳ್ಳಾಪುರದವನಿಗೆ ಪೋಲೊ ಬೇಕು. ಬಾಗಿಲು ಹಾಕಿದಾಗ ಬರುವ ಗಟ್ಟಿ ಸದ್ದಿಗೇ ಅವನು ಸೋತಿದ್ದ. 2020ರಲ್ಲಿ ಬಂದ ಒಂದು ಲೀಟರ್ ಟರ್ಬೊಗೆ 110 ಪಿಎಸ್, 6 ಗೇರ್. ಆದರೆ 2022ರಲ್ಲಿ ಪೋಲೊ ನಿಂತ ಮೇಲೆ ಅದಕ್ಕೆ ಅಭಿಮಾನಿಗಳು ಹೆಚ್ಚಾದರು, ಬೆಲೆ ಇಳಿಯಲಿಲ್ಲ. ನಮ್ಮ ದುಡ್ಡಿಗೆ ಹಳೆಯ, ನಿಧಾನದ ಎಂಜಿನ್ನಿನ ಪೋಲೊ ಮಾತ್ರ ಸಿಗುತ್ತಿತ್ತು.

ಗೌರಿಬಿದನೂರಿನವನಿಗೆ ಫೋರ್ಡ್ ಫಿಗೊ 1.5 ಡೀಸೆಲ್. 100 ಪಿಎಸ್, ನಮ್ಮ ದುಡ್ಡಿಗೆ ಅಷ್ಟು ಶಕ್ತಿ ಬೇರೆಲ್ಲೂ ಇಲ್ಲ. ಆದರೆ ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗ ಸಿಗುತ್ತದೆ ಅಂದರೂ, ಕೆಟ್ಟು ನಿಂತರೆ ನಮ್ಮ ಊರಿನಿಂದ ಬೆಂಗಳೂರಿಗೆ ಎಳೆದುಕೊಂಡು ಹೋಗಬೇಕು.

ಚಿಂತಾಮಣಿಯವನಿಗೆ ಬಲೆನೊ ಆರ್‌ಎಸ್. 2017ರಲ್ಲಿ ಬಂದ ಒಂದು ಲೀಟರ್ ಟರ್ಬೊ, 102 ಪಿಎಸ್, ಕೈಗೇರ್ ಮಾತ್ರ. ಬಹಳ ಕಡಿಮೆ ಮಾರಾಟವಾಗಿ 2020ರಲ್ಲಿ ನಿಂತಿತು. ಒಳ್ಳೆಯದು ಹುಡುಕಿದರೆ ಸಿಗಲಿಲ್ಲ, ಸಿಕ್ಕಿದ್ದು ಒಳ್ಳೆಯದಿರಲಿಲ್ಲ.

ಶಿಡ್ಲಘಟ್ಟದವಳು ಮೊದಲಿನಿಂದ ಒಂದೇ ಮಾತು: ಸ್ವಿಫ್ಟ್. 2018ರ ಮಾದರಿಯ ಪೆಟ್ರೋಲ್. 83 ಪಿಎಸ್, ತೂಕ 900 ಕೆ.ಜಿ. ಒಳಗೆ, ನೆಲದಿಂದ 163 ಮಿ.ಮೀ. ಎತ್ತರ. ನಾಲ್ಕೂ ಊರಿನ ಮೆಕ್ಯಾನಿಕ್‌ಗಳಿಗೆ ಕಣ್ಣು ಮುಚ್ಚಿ ಬಿಚ್ಚಲು ಬರುತ್ತದೆ. "ನಿಮ್ಮ ಕಾರುಗಳು ಫೋಟೋಗೆ. ಇದು ಸೋಮವಾರ ಬೆಳಗ್ಗೆ ಸ್ಟಾರ್ಟ್ ಆಗುತ್ತೆ" ಅಂದಳು. ನಮಗೆಲ್ಲ ಸ್ವಿಫ್ಟ್ ತೀರ ಸಾಮಾನ್ಯ ಅನ್ನಿಸಿತ್ತು, ಟ್ಯಾಕ್ಸಿ ಥರ. ಆದರೆ ಓಡಿಸಿ ನೋಡಿದ ದಿನ ಮೂವರೂ ಬಾಯಿ ಮುಚ್ಚಿದೆವು. ಮೂಗು ತಿರುವಿಗೆ ತಕ್ಷಣ ತಿರುಗುತ್ತದೆ, ಗೇರ್ ಎರಡು ಬೆರಳಿಗೆ ಕೂರುತ್ತದೆ, ಎಂಜಿನ್ ಖುಷಿಯಾಗಿ ಆರು ಸಾವಿರ ಸುತ್ತಿಗೆ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾಲ್ವರೂ ಗಂಭೀರವಾದೆವು. ಗ್ಲೋಬಲ್ ಎನ್‌ಕ್ಯಾಪ್ 2018ರಲ್ಲಿ ಈ ಸ್ವಿಫ್ಟ್‌ಗೆ ಕೊಟ್ಟದ್ದು ಐದರಲ್ಲಿ ಎರಡು ನಕ್ಷತ್ರ. ಪೋಲೊಗೆ 2014ರಲ್ಲೇ, ಏರ್‌ಬ್ಯಾಗ್ ಜೊತೆ, ನಾಲ್ಕು ನಕ್ಷತ್ರ ಸಿಕ್ಕಿತ್ತು. ಸುರಕ್ಷತೆಯೊಂದೇ ಲೆಕ್ಕವಾದರೆ ಪೋಲೊ ಗೆಲ್ಲಬೇಕು. 2018ರ ಸ್ವಿಫ್ಟ್‌ನ ಎಲ್ಲ ಮಾದರಿಯಲ್ಲೂ ಎರಡು ಏರ್‌ಬ್ಯಾಗ್, ಎಬಿಎಸ್ ಇವೆ ಅನ್ನುವುದು ಒಂದು ಸಮಾಧಾನ. ಅದಕ್ಕಿಂತ ಹಳೆಯ ಕಾರುಗಳಲ್ಲಿ ಎಷ್ಟೋ ಮಾದರಿಗೆ ಎರಡೂ ಇರುವುದಿಲ್ಲ, ಎಬಿಎಸ್ ಎಲ್ಲ ಹೊಸ ಕಾರಿಗೂ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಿಂದ. ಹಳೆಯ ಕಾರು ನೋಡುವವರು ಮೊದಲು ಇದನ್ನು ಕೇಳಿ, ಬಣ್ಣವನ್ನು ಆಮೇಲೆ. ಉಳಿದ ಸುರಕ್ಷತೆ ನಮ್ಮ ಬಲಗಾಲಿನಲ್ಲಿ ಇರಬೇಕು ಅಂತ ಮಾತಾಡಿಕೊಂಡು ಸ್ವಿಫ್ಟ್‌ಗೆ ಒಪ್ಪಿದೆವು.

ಕಾರು ನೋಡುವಾಗ ನಾವು ಮಾಡಿದ್ದು

ಒಟ್ಟು 11 ಕಾರು ನೋಡಿದೆವು. ಬೆಂಗಳೂರಿನ ಒಂದು ಕಡೆ 45 ಸಾವಿರ ಕಿ.ಮೀ. ಓಡಿದೆ ಅಂತ ತೋರಿಸಿದ ಕಾರಿನ ಹಳೆಯ ಸರ್ವಿಸ್ ಚೀಟಿ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲೇ ಇತ್ತು. ಅದರಲ್ಲಿ ಎರಡು ವರ್ಷದ ಹಿಂದೆಯೇ 92 ಸಾವಿರ ಅಂತ ಬರೆದಿತ್ತು. ಮಾರುವವರು "ಅದು ಬೇರೆ ಗಾಡೀದು" ಅಂದರು. ಗಾಡಿ ನಂಬರ್ ಅದೇ ಇತ್ತು. ಚಹಾ ಕುಡಿದು ಎದ್ದು ಬಂದೆವು.

ನಾವು ಪಾಲಿಸಿದ ಕ್ರಮ ಇಷ್ಟು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಾನೆಟ್, ಬಾಗಿಲಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಒಮ್ಮೆ ಬಿಚ್ಚಿದ್ದಾರೆ. ಡಿಕ್ಕಿಯ ಸ್ಟೆಪ್ನಿ ಎತ್ತಿ ಕೆಳಗೆ ವೆಲ್ಡಿಂಗ್ ಗುರುತು, ಕೆಸರಿನ ಗೆರೆ ಇದೆಯಾ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, 2318 ಅಂದರೆ 2018ರ 23ನೇ ವಾರ ತಯಾರಾಗಿದ್ದು.

ಕೈಗೇರ್ ಕಾರಿಗೆ ಇನ್ನೂ ಮೂರು ಪರೀಕ್ಷೆ. ಒಂದು, ಕ್ಲಚ್ ತೀರ ಮೇಲೆ ಬಂದು ಹಿಡಿಯುತ್ತಿದ್ದರೆ ಸವೆದಿದೆ. ಎರಡು, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ 30ರ ವೇಗದಿಂದ ಒಮ್ಮೆಲೆ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ಕಾರು ಓಡದಿದ್ದರೆ ಕ್ಲಚ್ ಜಾರುತ್ತಿದೆ. ಮೂರು, ಮೂರರಿಂದ ಎರಡಕ್ಕೆ ಇಳಿಸಿ ನೋಡಿ. ಕರಕರ ಅಂದರೆ ಗೇರ್ ಬಾಕ್ಸ್ ಒಳಗಿನ ಸಿಂಕ್ರೊ ಸವೆದಿದೆ, ದೊಡ್ಡ ಖರ್ಚು.

ಕಾಗದ, ತೆರಿಗೆ, ವಿಮೆ

ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆ ಹೆಚ್ಚು. 5 ಲಕ್ಷದವರೆಗೆ 13 ಪರ್ಸೆಂಟ್, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18, ಜೊತೆಗೆ ಸೆಸ್. 12 ಲಕ್ಷದ ಹೊಸ ಕಾರಿಗೆ ತೆರಿಗೆಯೇ 2,04,000 ರೂಪಾಯಿ, ಅಂದರೆ ನಮ್ಮ ಇಡೀ ಚೀಟಿಯ ಅರ್ಧ. ರಾಜ್ಯದೊಳಗಿನ ಹಳೆಯ ಕಾರಿಗೆ ಇದನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ. ದೆಹಲಿ, ಪುದುಚೇರಿಯ ಕಾರು ಅಗ್ಗ ಅಂತ ಆಸೆ ತೋರಿಸುವವರು ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು ಅನ್ನುವುದನ್ನು ಹೇಳುವುದಿಲ್ಲ.

ಹೆಸರು ಬದಲಾವಣೆಗೆ ಫಾರಂ 29, 30. ಹಳೆಯ ಮಾಲೀಕರ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35. ಬಾಕಿ ದಂಡ ಇದೆಯಾ ಅಂತ ಗಾಡಿ ನಂಬರ್ ಹಾಕಿ ಫೋನಿನಲ್ಲೇ ನೋಡಬಹುದು. ನಾವು ನೋಡಿದ ಒಂದು ಕಾರಿನ ಮೇಲೆ 14 ದಂಡ ಇತ್ತು.

ಥರ್ಡ್ ಪಾರ್ಟಿ ವಿಮೆಯ ಮೂಲ ದರ ಎಂಜಿನ್ ಗಾತ್ರದ ಮೇಲೆ. 2022ರಲ್ಲಿ ನಿಗದಿಯಾದಂತೆ 1,000 ಸಿಸಿ ಒಳಗೆ 2,094 ರೂಪಾಯಿ, 1,500 ಒಳಗೆ 3,416, ಅದರ ಮೇಲೆ 7,897.

ಸೈಲೆನ್ಸರ್ ಬದಲಿಸಿ ಸದ್ದು ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. ಕಂಪನಿ ಕೊಟ್ಟ ರೂಪವನ್ನು ಹಾಗೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ರಸ್ತೆಯಲ್ಲಿ ರೇಸ್ ಮಾಡಿದರೆ 189ನೇ ಕಲಂ, ಮೊದಲ ಸಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಾರು ಮನೆಗೆ ಬಂತು

ಹನ್ನೊಂದನೆಯದು ಚಿಕ್ಕಬಳ್ಳಾಪುರದಲ್ಲೇ ಸಿಕ್ಕಿತು. ಕೆಎ 40 ನಂಬರಿನ 2018ರ ಸ್ವಿಫ್ಟ್, ಬಿಳಿ ಬಣ್ಣ, ಒಂದು ಲಕ್ಷ ಕಿ.ಮೀ. ಹತ್ತಿರ ಓಡಿದ್ದು, ಒಬ್ಬರೇ ಮಾಲೀಕರು. 3,65,000ಕ್ಕೆ ಮಾತಾಯಿತು. ಉಳಿದ 35,000ದಲ್ಲಿ ನಾಲ್ಕು ಹೊಸ ಟೈರ್, ಬ್ರೇಕ್ ಪ್ಯಾಡ್, ಆಯಿಲ್, ವಿಮೆ. ಅದಕ್ಕಿಂತ ಮಿಕ್ಕಿದ್ದು ಒಂದು ಸಣ್ಣ ನಿಧಿ.

ಆರ್‌ಸಿ ಯಾರ ಹೆಸರಿಗೆ ಅನ್ನುವುದಕ್ಕೆ ಜಗಳ ಆಗುತ್ತದೆ ಅಂದುಕೊಂಡಿದ್ದೆವು. ಶಿಡ್ಲಘಟ್ಟದವಳ ಅಮ್ಮ ಬಿಡಿಸಿದರು. "ಅವಳ ಹೆಸರಲ್ಲಿ ಇದ್ದರೆ ನೀವು ಮೂವರೂ ಅವಳನ್ನ ಕೇಳಿ ಕೀ ತಗೋತೀರಿ. ನಿಮ್ಮ ಹೆಸರಲ್ಲಿ ಇದ್ದರೆ ಅವಳು ಹಿಂದಿನ ಸೀಟಲ್ಲಿ ಕೂರ್ತಾಳೆ." ಯಾರೂ ಎದುರು ಮಾತಾಡಲಿಲ್ಲ. ನಮ್ಮ ಊರುಗಳಲ್ಲಿ ಸ್ಕೂಟಿ ಓಡಿಸುವ ಹೆಣ್ಣುಮಕ್ಕಳು ನೂರಾರು, ಗೇರ್ ಕಾರು ಓಡಿಸುವವರನ್ನು ಬೆರಳಲ್ಲಿ ಎಣಿಸಬಹುದು. ಈಗ ಎಣಿಕೆಗೆ ಒಬ್ಬಳು ಸೇರಿದಳು. ನಮ್ಮೆಲ್ಲರಿಗಿಂತ ನಯವಾಗಿ ಕ್ಲಚ್ ಬಿಡುವವಳೂ ಅವಳೇ. ಆದರೆ ಹುಳ ನಾಲ್ಕನೇ ಜ್ವರ ಎದ್ದ ಮೇಲೆ ಸೊಪ್ಪು ಹಾಕುವ ವಾರ ಅವಳು ಮನೆ ಬಿಟ್ಟು ಕದಲುವುದಿಲ್ಲ. ಹುಳದ ಮನೆಗೆ ವಾಸನೆ ಆಗದು ಅಂತ ಹಳೆಯ ಮಾಲೀಕರು ತೂಗುಹಾಕಿದ್ದ ಸೆಂಟಿನ ಡಬ್ಬಿಯನ್ನು ಮೊದಲ ದಿನವೇ ಕಿತ್ತೆಸೆದಳು.

ಕರಾರು ಒಂದು ಹಾಳೆಯಲ್ಲಿ ಬರೆದಿದ್ದೇವೆ. ತಲಾ ಒಂದು ವಾರ ಕಾರು. ತಿಂಗಳಿಗೆ ತಲಾ 500 ನಿಧಿಗೆ. ಕುಡಿದವರಿಗೆ ಕೀ ಇಲ್ಲ. ಹಿಂದಿನ ಸೀಟಿನವರಿಗೂ ಬೆಲ್ಟ್. ಮಂಜು ಬಿದ್ದರೆ ಹೆದ್ದಾರಿ 44ಕ್ಕೆ ಹೋಗುವಂತಿಲ್ಲ. ಈ ಕೊನೆಯದು ಯಾಕೆ ಅಂತ ನಮ್ಮ ಕಡೆಯವರಿಗೆ ಗೊತ್ತು. 2023ರ ಅಕ್ಟೋಬರ್ 26ರ ಬೆಳಗ್ಗೆ ಚಿಕ್ಕಬಳ್ಳಾಪುರದ ಹೊರಗೆ, ಮಂಜಿನಲ್ಲಿ ಕಾಣದೆ, ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಗುದ್ದಿ 13 ಜನ ಹೋದರು. ಆ ರಸ್ತೆಯಲ್ಲಿ ನಮಗೆ ಯಾವ ಸಾಹಸವೂ ಬೇಡ. ಜೋರಾಗಿ ಓಡಿಸುವ ಆಸೆ ತಡೆಯದಿದ್ದರೆ ಅದಕ್ಕೆ ಮುಚ್ಚಿದ ಮೈದಾನದಲ್ಲಿ ನಡೆಯುವ ಆಟೋಕ್ರಾಸ್ ಸ್ಪರ್ಧೆಗಳಿವೆ, ಕೊಯಮತ್ತೂರಿನಲ್ಲೂ ಚೆನ್ನೈ ಹತ್ತಿರವೂ ರೇಸ್ ಟ್ರ್ಯಾಕ್ ಇವೆ. ಹೆಲ್ಮೆಟ್ ಹಾಕಿ, ಶುಲ್ಕ ಕಟ್ಟಿ, ಎದುರು ಕುರಿ ಬರದ ಜಾಗದಲ್ಲಿ ಓಡಿಸಬಹುದು.

ಕಾರು ಬಂದ ಮೂರನೇ ವಾರ ಚಿಂತಾಮಣಿಯ ಗೆಳೆಯನ ಅಪ್ಪ ಹೊಲದಿಂದ ಬಂದು ಕೈ ತೊಳೆದು, "ಕೊಡಿ, ನೋಡೋಣ" ಅಂದರು. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ ಕೈ, ಲೈಸೆನ್ಸಿನಲ್ಲಿ ಕಾರೂ ಇದೆ. ಕೈವಾರದ ಕಡೆಗೆ ಹೊರಟರು. ಮೊದಲ ಎರಡು ಕಿ.ಮೀ. ಏನೂ ಮಾತಾಡಲಿಲ್ಲ. ತಿರುವು ಬರುವ ಮೊದಲೇ ಬ್ರೇಕ್ ಮುಟ್ಟಿ, ಮೂರರಿಂದ ಎರಡಕ್ಕೆ ಇಳಿಸಿ, ತಿರುವು ಮುಗಿಯುತ್ತಿದ್ದ ಹಾಗೆ ಎಂಜಿನ್ನನ್ನು ಮೇಲಕ್ಕೆ ಬಿಟ್ಟರು. ಗೇರ್ ಬದಲಾಗಿದ್ದು ಹಿಂದೆ ಕೂತ ನಮಗೆ ಮೈಗೆ ತಿಳಿಯಲೇ ಇಲ್ಲ, ಕಿವಿಗೆ ಮಾತ್ರ ಕೇಳಿಸಿತು. ಸ್ಪೀಡೋಮೀಟರ್ 45 ತೋರಿಸುತ್ತಿತ್ತು. ಅವರು ನಗುತ್ತಿದ್ದರು. ಟೊಮೆಟೊ ಬಾಕ್ಸಿಗೆ ಎರಡು ಸಾವಿರ ಬಂದ ವರ್ಷವೂ ಅವರು ಹಾಗೆ ನಕ್ಕಿದ್ದನ್ನು ನಾವು ನೋಡಿರಲಿಲ್ಲ.

ಈಗ ಪ್ರತಿ ತಿಂಗಳು ಒಂದು ಭಾನುವಾರ ಅವರಿಗೆ ಅಂತ ಕರಾರಿನ ಹಾಳೆಯಲ್ಲಿ ಐದನೇ ಹೆಸರು ಸೇರಿಸಿದ್ದೇವೆ. ನಿಧಿಗೆ 500 ಕೊಡಲು ಬಂದರು, ಬೇಡ ಅಂದೆವು. ಮುಂದಿನ ಆಯಿಲ್ ಬದಲಾವಣೆಯನ್ನು ತಾವೇ ಹೊಲದ ಶೆಡ್ಡಿನಲ್ಲಿ ಮಾಡಿಕೊಡುತ್ತಾರಂತೆ. ನಾಲ್ಕು ಲೀಟರ್ ಡಬ್ಬ ತಂದಿಟ್ಟಿದ್ದೇವೆ.